ಮೂಸಿದ ಹೂ

ಪಕ್ಕದ ಮನೆಯವಳ ಮೇಲೆ ನನಗೆ ಸಿಟ್ಟು ಇತ್ತು, ಇದೆ, ಮುಂದೆಯೂ ಇರುತ್ತದೆ. ಅದಕ್ಕೆ ಕಾರಣ ಒಂದು ಕಾಶಿಕಣಗಿಲೆ ಗಿಡ.

ಗಜೇಂದ್ರಗಡದ ನಮ್ಮ ಓಣಿಗೆ ನಳದ ನೀರು ಬರುವುದೇ ವಾರಕ್ಕೊಮ್ಮೆ. ಅದರಲ್ಲಿ ಗುಲಾಬಿ ಸಾಕುವ ಸೊಕ್ಕು ಯಾರಿಗಿದೆ? ಅಬ್ಬಿಗೇರಿಯ ತವರಿನಿಂದ ಕಾಶಿಕಣಗಿಲೆಯ ಸಸಿ ತಂದು ಬಾಗಿಲ ಮುಂದೆ ಹಚ್ಚಿದೆ. ಪಾತ್ರೆ ತೊಳೆದ ನೀರು ಚೆಲ್ಲಿದರೆ ಸಾಕು. ಆಡು ಬಾಯಿ ಹಾಕುವುದಿಲ್ಲ, ಬೇಸಿಗೆಗೆ ಬಾಡುವುದಿಲ್ಲ, ವರ್ಷವಿಡೀ ಬಿಳಿ ಹೂ. ಸೊಂಟ ಮುರಿದು ಹಾಸಿಗೆ ಹಿಡಿದ ಅತ್ತೆಗೆ ಲಿಂಗಪೂಜೆಗೆ ದಿನಾ ಒಂದು ಹೂ ಬೇಕಿತ್ತು. ಅವರ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ. ಹೂವಿಲ್ಲದ ದಿನ ಊಟದ ತಾಟು ಹಾಗೇ ವಾಪಸು ಬರುತ್ತಿತ್ತು.

ಪಕ್ಕದವಳು ನಸುಕಿನಲ್ಲೇ ಮಿಂದು ಬಂದು ಗಿಡವನ್ನು ಬೋಳಿಸಿಬಿಡುತ್ತಿದ್ದಳು. ಸ್ನಾನವಾಗದೆ ಹೂ ಹರಿಯಬಾರದೆಂಬುದು ಅತ್ತೆಯ ನೇಮ. ನನ್ನ ಸ್ನಾನವೋ, ರೊಟ್ಟಿ ಬಡಿದು ಮುಗಿದ ಮೇಲೆ. ಒಮ್ಮೆ ಕೇಳಿದ್ದಕ್ಕೆ, ದೇವರ ಹೂವಿಗೆ ಮಾಲಕರು ಇರುತ್ತಾರೇನು ಎಂದು ನನಗೇ ಬುದ್ಧಿ ಹೇಳಿದಳು. ತನ್ನ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿಕೊಂಡವಳು ಹೇಳುವ ಮಾತು ಇದು.

ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲ. ಶ್ರಾವಣದ ಒಂದು ಸೋಮವಾರ ಅವಳು ಬುಟ್ಟಿ ಹಿಡಿದು ಬರುವುದನ್ನೇ ಕಾಯ್ದು, ಅವಳ ಕಣ್ಣೆದುರೇ ಬಗ್ಗಿ ಒಂದೊಂದು ಹೂವಿಗೂ ಮೂಗು ಹಚ್ಚಿದೆ. ವಾಸನೆಯೇ ಇಲ್ಲದ ಹೂ, ಆದರೂ ಎದೆ ತುಂಬ ಎಳೆದೆ. ಅವಳ ಮುಖ ಕಪ್ಪಿಟ್ಟಿತು. ಬೇರೆ ಮನೆಗಳಲ್ಲಿ ಹರಿದ ಹೂ ಬುಟ್ಟಿಯಲ್ಲಿದ್ದವು, ಅವನ್ನೇ ಹಿಡಿದು ಹಿಂದಿರುಗಿದಳು. ನನಗೆ ಹೋಳಿಗೆ ಉಂಡಷ್ಟು ಖುಷಿ.

ಸಿಟ್ಟಿನ ಭರದಲ್ಲಿ ಒಂದನ್ನೂ ಬಿಟ್ಟಿಲ್ಲ ಎಂದು ಹೊಳೆದದ್ದು ಅತ್ತೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹೂ ಕೇಳಿದಾಗ. ನಾನು ಮಾಡಿದ್ದನ್ನು ಹಾಸಿಗೆ ಪಕ್ಕದ ಕಿಟಕಿಯಿಂದ ನೋಡಿದ್ದರು. ಬೈಯಲಿಲ್ಲ.

"ಆಕಿ ಬುಟ್ಟ್ಯಾಗ ಹೂ ಅದಾವ. ಹೋಗಿ ಒಂದ ಇಸ್ಕೊಂಡ ಬಾ."

ಹೋಗಿ ಅವಳ ಬಾಗಿಲಲ್ಲಿ ನಿಂತು, ಅತ್ತೆಯ ಪೂಜೆಗೆ ಒಂದು ಹೂ ಬೇಕೆಂದು ಹಲ್ಲು ಕಚ್ಚಿ ಕೇಳಿದೆ. ಅವಳು ಬುಟ್ಟಿ ತಂದು, ಆರಿಸಿ ಆರಿಸಿ ಒಂದು ನಂದಿಬಟ್ಟಲು ತೆಗೆದಳು. ನನ್ನ ಮುಖ ನೋಡುತ್ತಲೇ ಅದನ್ನು ಮೂಗಿಗೆ ಹಿಡಿದಳು, ನಿಧಾನವಾಗಿ ಮೂಸಿದಳು, ನನ್ನ ಕೈಯಲ್ಲಿಟ್ಟಳು.

ಮನೆಗೆ ಬಂದು ಅದನ್ನು ಒಲೆಗೆ ಹಾಕಬೇಕು ಅನ್ನಿಸಿತು. ಆದರೆ ಅತ್ತೆ ಆಗಲೇ ಕೈ ಚಾಚಿದ್ದರು. ಹೂವನ್ನು ಕಣ್ಣಿಗೊತ್ತಿಕೊಂಡು ಲಿಂಗಕ್ಕೆ ಏರಿಸಿದರು. ಎಷ್ಟೋ ಹೊತ್ತು ಕಣ್ಣು ಮುಚ್ಚಿ, ಆಮೇಲೆ ನನ್ನ ಕಡೆ ತಿರುಗಿ, "ನೀ ಏನರ ಅನ್ನು, ಆಕಿ ಮನಸ್ಸ ಚಲೋ ಐತಿ ನೋಡು" ಎಂದರು.

ನಾನು ತಾಟು ಹಚ್ಚಿದೆ. ಅತ್ತೆ ಹೊಟ್ಟೆ ತುಂಬ ಉಂಡರು.