ಮನೆಮನೆ ಸುತ್ತಿದ ರವಿಕೆ ಕಣ

“ಅಯ್ಯಯ್ಯೋ, ಕತ್ತರಿ ಹಾಕ್ಬೇಡಮ್ಮಾ! ನವರಾತ್ರೀಲಿ ಕೊಲು ಗೊಂಬೆ ನೋಡಕ್ಕೆ ಬರೋವ್ರಿಗೆ ನಾನೇನು ಕೊಡ್ಲಿ?” ಎಂದು ರುಕ್ಮಿಣಿ ಮಾಮಿ ನನ್ನ ಕೈಯಿಂದ ಹಸಿರು ರವಿಕೆ ಕಣವನ್ನು ಕಸಿದುಕೊಂಡರು.

ಬೆಸೆಂಟ್ ನಗರದ ನಮ್ಮ ಮನೆಯಲ್ಲಿ ನಾನು ಹೆಂಗಸರಿಗೆ ಬಟ್ಟೆ, ಕಾಗದದ ಚೂರು ಅಂಟಿಸಿ ಚಿತ್ರ ಮಾಡುವ ಕೊಲಾಜ್ ಕಲಿಸುತ್ತೇನೆ. ನಿಮ್ಮ ಕಥೆ ಹೇಳುವ ಒಂದು ಬಟ್ಟೆ ತನ್ನಿ ಎಂದದ್ದಕ್ಕೆ ಮಾಮಿ ತಂದದ್ದು, ಯಾರೋ ಅರಿಸಿನ ಕುಂಕುಮದ ಜೊತೆ ಕೊಟ್ಟಿದ್ದ ಈ ಕಣ. ಎಳೆದಾಟದಲ್ಲಿ ಅದರ ಮಡಿಕೆ ಬಿಚ್ಚಿಕೊಂಡಿತು. ಮೂಲೆಯಲ್ಲಿ ಪೆನ್ನಿನಿಂದ ‘ಗಿಂಡಿ ಚಿಕ್ಕಮ್ಮ’ ಎಂದು ಬರೆದಿತ್ತು. ಅಕ್ಷರ ನನ್ನದೇ! ಗಿಂಡಿ ಬಡಾವಣೆಯಲ್ಲಿರುವ ನನ್ನ ಚಿಕ್ಕಮ್ಮ ಕೊಟ್ಟ ಕಣ ತಪ್ಪಿಯೂ ಅವರಿಗೇ ವಾಪಸ್ ಹೋಗಬಾರದೆಂದು ವರ್ಷಗಳ ಹಿಂದೆ ಗುರುತು ಹಾಕಿ, ಇನ್ಯಾರಿಗೋ ದಾಟಿಸಿದ್ದೆ.

ಹೇಳಿದಾಗ ಮಾಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎಲ್ಲಾರ ಮನೇಗೂ ಹೋಗಿ ಬಂದಿದೆ, ಒಬ್ಬಳೂ ಹೊಲಿಸ್ಕೊಂಡಿಲ್ಲ ನೋಡು! ಕೊಡು ಆ ಕತ್ತರಿ” ಎಂದು ತಾವೇ ಕತ್ತರಿಸಿ, ಹಾಳೆಯ ಮೇಲೆ ಬರೆದಿದ್ದ ಹೆಂಗಸಿನ ಚಿತ್ರಕ್ಕೆ ರವಿಕೆಯಾಗಿ ಅಂಟಿಸಿದರು.

ಆಮೇಲೆ ಬಂದ ನವರಾತ್ರಿಯಲ್ಲಿ ಚಿಕ್ಕಮ್ಮ ಕೊಟ್ಟ ಇನ್ನೊಂದು ಕಣವನ್ನು ನಾನು ಹೊಲಿಸಿ, ದೀಪಾವಳಿಗೆ ತೊಟ್ಟು ಅವರೆದುರು ನಿಂತೆ. ಅವರಿಗೆ ಅದರ ಗುರುತೇ ಸಿಗಲಿಲ್ಲ. ಪಾಪ, ತಾವು ಕೊಟ್ಟ ಕಣ ರವಿಕೆಯಾದದ್ದನ್ನು ಅವರು ನೋಡಿದ್ದು ಅದೇ ಮೊದಲು.