ಕಂಬಳಿ ಸುತ್ತಿದ ಕೈ

ನಮ್ಮ ಸೀತಕ್ಕ ಎಡಗೈಯವಳು. ನನ್ನ ಗಂಡನ ಅಣ್ಣ ಸತ್ತೆಪ್ಪ ಭಾವನ ಹೆಂಡತಿ. ಮದುವೆಯಾಗಿ ಕಲ್ಲೋಳಿಗೆ ಬಂದ ವಾರದಲ್ಲೇ ಎಡಗೈಯಿಂದ ಸಾರು ಬಡಿಸಲು ಹೋಗಿ ಅತ್ತೆಯ ಕೈಲಿ ಸೌಟಿನ ಏಟು ತಿಂದಿದ್ದಳಂತೆ. ಬಡಿಸುವುದನ್ನು ಬಲಗೈಗೆ ಕಲಿಸಿಕೊಂಡಳು. ಕುಡುಗೋಲು, ಕೊಡಲಿ ಮಾತ್ರ ಎಡಗೈಯಲ್ಲೇ ಉಳಿದವು.

ಭಾವನ ಹೆಸರು ನಮ್ಮ ಕುರಿಗಾರರಲ್ಲಿ ದೊಡ್ಡದು. ನಲವತ್ತು ವರ್ಷದ ಹಿಂದೆ ಯಮಕನಮರಡಿ ಕಡೆಯ ಗುಡ್ಡದಲ್ಲಿ ಕುರಿಹಟ್ಟಿಗೆ ನುಗ್ಗಿದ ತೋಳವನ್ನು ಕೊಡಲಿಯಿಂದ ಹೊಡೆದರೆಂದು ಹಿರಿಯರು ಅವರಿಗೆ ಕೆಂಪು ರುಮಾಲು ಸುತ್ತಿದ್ದರು. ಇವತ್ತಿಗೂ ಹಬ್ಬಕ್ಕೆ ಟ್ರಂಕಿನಿಂದ ಅದು ಹೊರಗೆ ಬರುತ್ತದೆ.

ತೋಳ ಹೊಡೆದವಳು ಸೀತಕ್ಕ. ಭಾವ ಜಾಲಿ ಗಿಡದ ಮೇಲಿದ್ದರು. ರಕ್ತವಾಗಿದ್ದ ಅವಳ ಕಂಬಳಿ ತೊಳೆದವಳು ನಾನು. ಅತ್ತೆ ನಮ್ಮಿಬ್ಬರನ್ನೂ ಗುಡಾರದ ಹಿಂದೆ ಕರೆದು ಹೇಳಿದ್ದರು: "ಹೆಂಗಸು ಹೊಡದ್ಲು ಅಂದ್ರ ನನ್ನ ಮಗ ಮಾರಿ ಎಲ್ಲಿ ಇಟ್ಕೋಬೇಕು? ಒಳ್ಳೇ ಹೆಂಗಸು ಇಂಥಾದ್ದು ನುಂಗತಾಳ." ನುಂಗಿದೆವು. ಅತ್ತೆ ಹೋದರು, ನನ್ನ ಗಂಡನೂ ಹೋದರು. ಮಾತು ಹೊಟ್ಟೆಯಲ್ಲೇ ಉಳಿಯಿತು.

ಸೀತಕ್ಕನ ಮೊಮ್ಮಗಳು ಶೈಲಾ ಹೈಸ್ಕೂಲಿನಲ್ಲಿದ್ದಾಳೆ. ಅಜ್ಜಿಯನ್ನು ಆಯಿ, ನನ್ನನ್ನು ಸಣ್ಣಾಯಿ ಅನ್ನುತ್ತಾಳೆ. ಗೋಕಾಕ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಚಿತ್ರದ ಪುಸ್ತಕ ತರುತ್ತಾಳೆ. ನನಗೆ ಓದು ಕಮ್ಮಿ, ಚಿತ್ರ ನೋಡುತ್ತೇನೆ. ಹೀರೋ ಹಾರುತ್ತಾನೆ, ಗುದ್ದುತ್ತಾನೆ, ಒಳ್ಳೆಯವನಾಗುತ್ತಾನೆ. ಹೆಂಗಸು ಕೆಳಗೆ ಕಾಯುತ್ತಾಳೆ, ಅಳುತ್ತಾಳೆ, ಅವಳೂ ಒಳ್ಳೆಯವಳಾಗುತ್ತಾಳೆ.

ಈ ವರ್ಷ ಅಜ್ಜನ ತೋಳದ ಕಥೆಯನ್ನು ಅವಳೇ ಕಾಮಿಕ್ಸ್ ಮಾಡಿ ಬರೆದಳು. ಅದನ್ನು ಮೂಡಲಗಿಯ ಪ್ರೆಸ್ಸಿಗೆ ಕೊಡಬೇಕಿತ್ತು. ಅಚ್ಚಾದರೆ ಊರೆಲ್ಲ ನೋಡುತ್ತದೆ. ಕೊಡುವ ಹಿಂದಿನ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ನಮ್ಮ ಮುಂದೆ ಹಾಳೆ ಹರಡಿದಳು.

"ಅಜ್ಜಾ, ಇಂವ ನೀ."

ಭಾವ ಆಕಾಶದಲ್ಲಿದ್ದರು. ಕುತ್ತಿಗೆಗೆ ಕಟ್ಟಿದ ಕಂಬಳಿ ಬೆನ್ನ ಹಿಂದೆ ಹಾರುತ್ತಿತ್ತು.

"ಅಂವ ಮ್ಯಾಲೆ ಹಾರಾಕತ್ರ ಕುರಿ ಯಾರ ಕಾಯಬೇಕ ಯವ್ವಾ?" ಎಂದೆ.

"ಸಣ್ಣಾಯಿ, ಸೂಪರ್ ಹೀರೋ ಹಿಂಗ ಇರ್ತಾರ!"

ಮೂಲೆಯಲ್ಲೊಬ್ಬಳು ಕುರಿಮರಿ ಅಪ್ಪಿಕೊಂಡು ಅಳುತ್ತಿದ್ದಳು. ಸೀತಕ್ಕ ಅವಳ ಮೇಲೆ ಬೆರಳಿಟ್ಟಳು. "ಇಕಿ ಯಾರ?"

"ನೀನ ಆಯಿ. ಒಳ್ಳೇಕಿ ಅಂತ ಗೊತ್ತಾಗಬೇಕಲ್ಲ, ಅದಕ್ಕ ಕಣ್ಣೀರ ಹಾಕೇನಿ."

ಸೀತಕ್ಕನ ಬೆರಳು ಹಾರುವ ಕಂಬಳಿಯ ಮೇಲೆ ಬಂತು. ಆಮೇಲೆ ತಡೆಯಲಾರದೆ ಅಂದಳು: "ಕಂಬಳಿ ಬೆನ್ನಿಗಲ್ಲ ಹುಚ್ಚ ಖೋಡಿ. ಕೈಗೆ ಸುತ್ತಬೇಕು, ಬಿಗಿಯಾಗಿ. ತೋಳ ಅದನ್ನ ಕಚ್ಚತೈತಿ. ಕಚ್ಚಿದ್ರ ಬಿಡೂದಿಲ್ಲ. ಆವಾಗ ಇನ್ನೊಂದು ಕೈಲೆ ಕಿವಿ ಹಿಂದ ಹೊಡೀಬೇಕು."

"ನಿನಗ ಹೆಂಗ ಗೊತ್ತ ಆಯಿ?"

ಭಾವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ನಿಮ್ಮಜ್ಜ ಹೇಳ್ಯಾರ," ಎಂದಳು ಸೀತಕ್ಕ.

"ಯಾವ ಕೈಗೆ ಸುತ್ತಿದ್ದಿ ಅಜ್ಜಾ?"

ಭಾವ ಬಾಯಿ ತೆರೆಯುವ ಮೊದಲೇ ಸೀತಕ್ಕ, "ಎಡಗೈಗೆ. ಕೊಡಲಿ ಬಲಗೈಯಾಗ," ಎಂದುಬಿಟ್ಟಳು. ನಲವತ್ತು ವರ್ಷ ಆದಮೇಲೂ ಅವಳೇ ಗಂಡನನ್ನು ಕಾಯುತ್ತಿದ್ದಳು. ನಾನು ಹೇಳಬೇಕೆಂದುಕೊಂಡೆ. ಗಂಟಲಲ್ಲಿ ಅತ್ತೆ ಕೂತಿದ್ದರು.

ಶೈಲಾ ಅಳಿಸಿ ಹಾಗೇ ಬರೆದಳು. ಹಾಳೆ ಮಡಿಸಿ ಚೀಲಕ್ಕೆ ಹಾಕುವಾಗ ಭಾವ ಚೀಲದ ಬಾಯಿ ಹಿಡಿದರು.

"ತಪ್ಪೈತಿ ಶೈಲಾ. ಕಂಬಳಿ ಬಲಗೈಗೆ ಇತ್ತು. ಕೊಡಲಿ ಎಡಗೈಯಾಗ."

"ನೀ ಎಡಗೈಲೆ ಹೊಡದಿ ಅಜ್ಜಾ?"

"ನಾ ಗಿಡದ ಮ್ಯಾಲಿದ್ದೆ. ಅಲ್ಲಿಂದ ಎಲ್ಲಾ ಛಲೋ ಕಾಣಸ್ತಿತ್ತು."

ಶೈಲಾ ಅಜ್ಜನನ್ನು ನೋಡಿದಳು. ಆಮೇಲೆ ಸೀತಕ್ಕನ ಎಡಗೈಯನ್ನು ನೋಡಿದಳು. ಕೊನೆಗೆ ಅವಳು ಹಾಳೆ ಬಿಚ್ಚಿ, ರಬ್ಬರ್ ಹುಡುಕಿ, ಚಿತ್ರದ ಮೂಲೆಯ ಹೆಂಗಸಿನ ಹತ್ತಿರ ತಂದಳು.

"ಆಯಿ, ಕಣ್ಣೀರ ಅಳಸ್ಲಿ?"

"ಬ್ಯಾಡ, ಇರಲಿ. ಅತ್ತದ್ದೂ ಖರೆ, ಮರಿ ಸತ್ತಿತ್ತು," ಎಂದಳು ಸೀತಕ್ಕ. "ಆದ್ರ ಅದು ಆಮ್ಯಾಲೆ. ಮೊದ್ಲ ಆಕಿ ಕೈಯಾಗ ಕೊಡಲಿ ಕೊಡು."