ರೇಸ್ ಟ್ರ್ಯಾಕಿನಲ್ಲಿ ಕೇಳಿಸಿದ ಮಾತು

ಕಂಪ್ರೆಸರ್ ರಿಪೇರಿ ಮಾಡಿಕೊಂಡು ಬದುಕಿದವನು ನಾನು. ಸಪ್ಪಳ ಬರುತ್ತಿದೆ ಎಂದರೆ ಎಲ್ಲೋ ಒಂದು ಬೋಲ್ಟ್ ಸಡಿಲವಾಗಿದೆ ಎಂದೇ ನನಗೆ ಅರ್ಥ. ಹುಡುಕಿದರೆ ಅದು ಸಿಕ್ಕೇ ಸಿಗುತ್ತದೆ. ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ಹಿರಿಯರು ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದಾಗಲೆಲ್ಲ ನಕ್ಕು ಬೈಸಿಕೊಂಡವನು. ಇಂಥವನು ಇದನ್ನು ಬರೆಯಲು ಕೂತಿದ್ದಾನೆ ಎಂದರೆ ನಿಮಗೂ ನಗು ಬರಬಹುದು. ನಗಿ, ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಆಗ ನಾವು ಕುವೈತಿನ ರುಮೈಥಿಯಾದಲ್ಲಿದ್ದೆವು. ನನಗೆ ಅಹ್ಮದಿಯ ಪ್ಲಾಂಟೊಂದರಲ್ಲಿ ಕೆಲಸ, ಹೆಂಡತಿ ಲವೀನಾ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳು ಮೂಡುಬಿದಿರೆ ಕಡೆಯ ಕ್ರೈಸ್ತರ ಮನೆಯವಳು, ಮನೆಮಾತು ಕೊಂಕಣಿ. ಅವಳ ಕೊಂಕಣಿ ನನಗೆ ಅರ್ಧಂಬರ್ಧ, ನನ್ನ ಕನ್ನಡ ಅವಳಿಗೆ ಮುಕ್ಕಾಲು ಪಾಲು. ಹೊಸದರಲ್ಲಿ ನಾನು ಕೂತುಕೋ ಎನ್ನಲು ‘ಕುಂದರು’ ಎಂದರೆ ಏನೋ ಬೈದೆ ಎಂದುಕೊಳ್ಳುತ್ತಿದ್ದಳು. ಆದರೂ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ಜಗಳವನ್ನು ಅವಳು ಅವಳ ಭಾಷೆಯಲ್ಲಿ, ನಾನು ನನ್ನ ಭಾಷೆಯಲ್ಲಿ ಆಡಿ ಮುಗಿಸುತ್ತಿದ್ದೆವು.

ನಮ್ಮ ಮಗಳು ರೀನಾಗೆ ಶಾಲೆಗೆ ಹೋಗುವ ವಯಸ್ಸಾದರೂ ಒಂದು ಮಾತೂ ಬರಲಿಲ್ಲ. ಅಪ್ಪ ಎನ್ನಲಿಲ್ಲ, ಅಮ್ಮ ಎನ್ನಲಿಲ್ಲ. ಕಿವಿ ಸರಿಯಾಗಿದೆ, ನಾಲಿಗೆ ಸರಿಯಾಗಿದೆ ಎಂದರು ಡಾಕ್ಟರು. ಮಾತು ಕಲಿಸುವ ತಜ್ಞೆಯೊಬ್ಬರು, ಇಷ್ಟೊಂದು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಎಂದರು. ಗಂಡ ಹೆಂಡತಿ ನಡುವೆಯೂ ಅದೇ ಆಗಬೇಕು ಎಂದರು. ಈಗಿನವರು ಬೇರೆಯೇ ಹೇಳುತ್ತಾರೆ. ಆಗ ನಾವು ಅದನ್ನು ವ್ರತದಂತೆ ಹಿಡಿದೆವು.

ನನ್ನ ಇಂಗ್ಲಿಷ್ ಕಂಪನಿಯ ಬೋರ್ಡುಗಳಿಂದ ಕಲಿತದ್ದು. ಮಗಳು ಒಲೆಯ ಹತ್ತಿರ ಹೋದರೆ ‘ಡೇಂಜರ್, ಹಾಟ್ ಸರ್ಫೇಸ್’ ಎನ್ನುತ್ತಿದ್ದೆ. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ನನ್ನ ಅವ್ವ, “ಕೂಸಿನ ಜೋಡಿ ಆಫೀಸಿನ್ಯಾಗ ಮಾತಾಡಿದಂಗ ಯಾಕ ಮಾತಾಡ್ತಿಯೋ?” ಎಂದು ಕೇಳಿದಳು. ಆ ಭಾಷೆಯಲ್ಲಿ ನನಗೆ ಮುದ್ದು ಮಾಡಲೂ ಬರುತ್ತಿರಲಿಲ್ಲ, ಸಿಟ್ಟು ಮಾಡಲೂ ಬರುತ್ತಿರಲಿಲ್ಲ. ಲವೀನಾ ದಿನವಿಡೀ ಆಸ್ಪತ್ರೆಯಲ್ಲಿ ಇಂಗ್ಲಿಷ್ ಆಡಿ ದಣಿದು ಬರುತ್ತಿದ್ದಳು. ಬೇಕಾದಷ್ಟನ್ನೇ ಆಡುತ್ತ ಆಡುತ್ತ, ಇಬ್ಬರೂ ತಟ್ಟೆ ನೋಡಿಕೊಂಡು ಉಣ್ಣುವ ಮಟ್ಟಕ್ಕೆ ಬಂದೆವು.

ರೀನಾ ದನಿ ತೆಗೆಯುತ್ತಿದ್ದುದು ಒಂದಕ್ಕೇ. ಸಂಜೆ ಯಾರಾದರೂ ಹುಡುಗರು ಕಾರನ್ನು ಗುರ್ರೆನ್ನಿಸುತ್ತ ರಸ್ತೆಯಲ್ಲಿ ಹೋದರೆ ಕಿಟಕಿಗೆ ಓಡಿ ‘ಊಂ’ ಎನ್ನುತ್ತಿದ್ದಳು. ಸಬ್ಹಾನ್ ಎಂಬಲ್ಲಿ ಟಯರ್ ಗೋದಾಮಿನಲ್ಲಿ ಕೆಲಸಕ್ಕಿದ್ದ ಬ್ಯಾರಿ ಗೆಳೆಯ ಹಮೀದನಿಗೆ ಇದು ಗೊತ್ತಿತ್ತು. ಅಹ್ಮದಿಯನ್ನು ದಾಟಿ ಮರುಭೂಮಿಯಲ್ಲಿ ಕಟ್ಟಿದ್ದ ರೇಸ್ ಟ್ರ್ಯಾಕಿಗೆ ಅವನೇ ಪಾಸು ತಂದುಕೊಟ್ಟ. “ಮಗುವಿನ ಕಿವಿ ಸರಿ ಮುಚ್ಚಿ ಮಾರಾಯ್ರೆ, ಇಲ್ಲದಿದ್ರೆ ಖಲಾಸ್” ಎಂದ. ಆ ‘ಊಂ’ನ ಹಿಂದೆಯೇ ಒಂದು ಮಾತು ಹೊರಬಂದೀತು ಎಂಬ ಆಸೆ ನಮಗೆ. ಹುಚ್ಚು ಎನ್ನಿ. ಹೆತ್ತವರಿಗೆ ಅಷ್ಟು ಹುಚ್ಚು ಇರುತ್ತದೆ.

ಚಳಿಗಾಲದ ಒಂದು ಶುಕ್ರವಾರ ಮಧ್ಯಾಹ್ನ ಹೋದೆವು. ಸುತ್ತ ಮರಳು, ನಡುವೆ ಕಪ್ಪಗೆ ಹೊಳೆಯುವ ಡಾಂಬರು. ಕುವೈತಿ ಮನೆಯವರು ಫ್ಲಾಸ್ಕಿನಲ್ಲಿ ಚಹಾ ತಂದು ಹರಟುತ್ತಿದ್ದರು. ನಾನು ಪ್ಲಾಂಟಿನಲ್ಲಿ ಹಾಕಿಕೊಳ್ಳುವ ದಪ್ಪ ಇಯರ್‌ಮಫ್ ಅನ್ನು ರೀನಾಗೆ ಹಾಕಿ, ನಾವಿಬ್ಬರೂ ಕಿವಿಗೆ ಸ್ಪಂಜಿನ ಬಿರಡೆ ತುರುಕಿಕೊಂಡೆವು. ಅವಳನ್ನು ನಡುವೆ ಕೂರಿಸಿಕೊಂಡೆವು.

ಕಾರುಗಳು ಹೊರಟವು. ಎದೆಯೊಳಗೇ ಎಂಜಿನ್ ಇಟ್ಟಂತೆ ನಡುಗುತ್ತಿತ್ತು. ಆದರೆ ರೀನಾ ‘ಊಂ’ ಎನ್ನಲಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಟ್ರ್ಯಾಕನ್ನು ನೋಡುತ್ತ ಕೂತಳು. ಒಂದು ಸುತ್ತು, ಇನ್ನೊಂದು ಸುತ್ತು. ಅವಳ ಗಂಟಲ ಮೇಲೆ ಬೆರಳಿಟ್ಟು ನೋಡಿದೆ, ಏನೂ ಇಲ್ಲ. ಲವೀನಾ ಆಚೆ ಮುಖ ತಿರುಗಿಸಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ನಾನು ನೋಡಿದರೂ ನೋಡದವನಂತಿದ್ದೆ. ಸಮಾಧಾನ ಹೇಳಲು ನನಗೆ ಇಂಗ್ಲಿಷ್ ಸಿಗಲಿಲ್ಲ.

ಕಾರುಗಳೆಲ್ಲ ಒಟ್ಟಾಗಿ ನಮ್ಮ ಮುಂದಿನ ನೇರ ದಾರಿಗೆ ಬಂದವು. ಆ ಆರ್ಭಟದ ನಡುವೆ, ಬಿರಡೆ ಹಾಕಿದ ನನ್ನ ಕಿವಿಯಲ್ಲಿ, ಮನೆಯೊಳಗೆ ಪಕ್ಕದಲ್ಲಿ ಕೂತು ಆಡಿದಷ್ಟು ಮೆಲ್ಲಗೆ, ಸ್ಪಷ್ಟವಾಗಿ ಕೇಳಿಸಿತು:

“ಯಾಕ ಸುಮ್ಮ ಕುಂತೀರಿ? ಮಾತಾಡ್ರಿ.”

ಕೂಗಿದ್ದಲ್ಲ. ಬೇಸತ್ತವರು ಗದರಿದ ಹಾಗೆ ಇತ್ತು. ಎಳೆಯ ದನಿ, ಆದರೆ ಮಾತಿನ ವರಸೆ ಎಳೆಯದಲ್ಲ. ರೀನಾಳತ್ತ ತಿರುಗಿದೆ. ಅವಳ ತುಟಿ ಅಲುಗಿದ್ದನ್ನು ಕಂಡೆನೇ? ಆಣೆ ಮಾಡಿ ಹೇಳಲಾರೆ. ಅಷ್ಟರಲ್ಲಿ ಲವೀನಾ ನನ್ನ ಮುಂಗೈಯನ್ನು ಉಗುರು ಊರುವಂತೆ ಹಿಡಿದಿದ್ದಳು. ಅವಳ ಮುಖ ನೋಡಿದರೆ ಸಾಕಿತ್ತು, ಅವಳಿಗೂ ಕೇಳಿಸಿದೆ ಎಂದು ತಿಳಿಯಿತು.

ಇಬ್ಬರೂ ಮಗಳ ಮುಂದೆ ಮೊಣಕಾಲೂರಿ ಕೂತೆವು. ಅವಳ ಕಿವಿಯಿಂದ ಇಯರ್‌ಮಫ್ ಸರಿಸಿ ‘ಸೇ ಇಟ್ ಅಗೇನ್, ಬೇಬಿ’ ಎಂದು ಬೇಡಿಕೊಂಡೆವು. ಆಗಲೂ ನಮ್ಮ ಬಾಯಿಂದ ಬಂದದ್ದು ಇಂಗ್ಲಿಷೇ, ನೋಡಿ. ರೀನಾ ಗದ್ದಲಕ್ಕೆ ಮುಖ ಕಿವುಚಿ, ಇಯರ್‌ಮಫ್ಫನ್ನು ತಾನೇ ಎಳೆದು ಮತ್ತೆ ಹಾಕಿಕೊಂಡಳು. ಅಕ್ಕಪಕ್ಕದವರು ನೋಡುತ್ತಿದ್ದರು. ರೇಸ್ ಮುಗಿಯುವವರೆಗೆ ಕೂರಲಾಗಲಿಲ್ಲ, ಎದ್ದು ಬಂದೆವು.

ಕಾರಿನಲ್ಲಿ ಲವೀನಾ ಅಳುತ್ತ ನಗುತ್ತಿದ್ದಳು. ನನಗೂ ಕಣ್ಣು ತುಂಬಿ ರಸ್ತೆ ಮಂಜಾಗಿ ಕಾಣುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವಳೊಂದಿಗೆ ಕನ್ನಡದಲ್ಲಿ ಬಾಯಿಬಿಟ್ಟೆ. “ನಮ್ಮೂರ ಮಾತಿನ್ಯಾಗ ಎಷ್ಟು ಚಂದ ಕೇಳಿದಳಲ್ಲ!” ಎಂದೆ.

ಲವೀನಾ ನನ್ನನ್ನೇ ನೋಡಿದಳು. “ಎಂತ ಹೇಳ್ತಾ ಇದ್ದೀರಿ? ಅವಳು ಹೇಳಿದ್ದು ಕೊಂಕಣಿಯಲ್ಲಿ ಅಲ್ವಾ?” ಎಂದಳು. ಆಮೇಲೆ ತಾನು ಕೇಳಿದ್ದನ್ನು ಹೇಳಿದಳು: “ಕಿತ್ಯಾಕ್ ವೊಗೆಚ್ ಬಸ್ಲ್ಯಾತ್? ಉಲಯಾ.” ಯಾಕೆ ಸುಮ್ಮನೆ ಕೂತಿದ್ದೀರಿ, ಮಾತಾಡಿ. ಅಷ್ಟು ಕೊಂಕಣಿ ನನಗೆ ಬರುತ್ತಿತ್ತು. ನನಗೆ ಕೇಳಿಸಿದ್ದೇನೆಂದು ನಾನಿನ್ನೂ ಅವಳಿಗೆ ಹೇಳಿರಲಿಲ್ಲ.

ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ. ಹಿಂದೆ ರೀನಾ ನಿದ್ದೆ ಹೋಗಿದ್ದಳು. ಅವಳನ್ನು ಹೆತ್ತ ನಮಗೆ ಆ ಹೊತ್ತಿನಲ್ಲಿ ಅವಳನ್ನು ಮುಟ್ಟಲು ಹೆದರಿಕೆಯಾಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಕಾರಣ ಹುಡುಕದೆ ಬಿಡುವವನಲ್ಲ ನಾನು. ಅಜ್ಜಿಯರಿಬ್ಬರ ಮಾತು ಫೋನಿನಲ್ಲಿ ಅವಳ ಕಿವಿಗೆ ಬಿದ್ದಿರಬಹುದು, ಸರಿ. ಆದರೆ ಒಂದು ಬಾಯಿ ಒಂದೇ ಗಳಿಗೆಯಲ್ಲಿ ಎರಡು ಭಾಷೆ ಆಡೀತೇ? ಮಗಳು ಏನೂ ಹೇಳಲಿಲ್ಲ, ಆಸೆ ನಮ್ಮ ತಲೆ ಕೆಡಿಸಿತು ಎನ್ನೋಣ. ಹಾಗಿದ್ದರೆ ಇಬ್ಬರ ತಲೆಯೂ ಅದೇ ಕ್ಷಣಕ್ಕೆ, ಅದೇ ಮಾತಿಗೆ ಹೇಗೆ ಕೆಟ್ಟಿತು? ಹಮೀದನಿಗೆ ಹೇಳಿದಾಗ ಅವನು, ಯಾರಿಗೂ ಹೇಳಬೇಡಿ ಎಂದ. ಇಷ್ಟು ವರ್ಷ ಹೇಳಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಇಂಗ್ಲಿಷಿನ ವ್ರತ ಬಿಟ್ಟೆವು. ಲವೀನಾ ಕೊಂಕಣಿಯಲ್ಲಿ ಬೈಯುತ್ತಾಳೆ, ನಾನು ಕನ್ನಡದಲ್ಲಿ ಎದುರು ಆಡುತ್ತೇನೆ. ರೀನಾ ಈಗ ನನ್ನ ಭುಜದವರೆಗೆ ಬೆಳೆದಿದ್ದಾಳೆ. ಕೈಸನ್ನೆಯಲ್ಲಿ ಎಲ್ಲ ಹೇಳುತ್ತಾಳೆ, ನಮ್ಮ ಜಗಳ ಕಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಮಾತು ಮಾತ್ರ ಬಂದಿಲ್ಲ.

ಒಮ್ಮೊಮ್ಮೆ ಊಟ ಮುಗಿದ ಮೇಲೆ ನಾವಿಬ್ಬರೂ ಬೇಕೆಂದೇ ಸುಮ್ಮನಾಗುತ್ತೇವೆ. ಹಾಗೆ ಮಾಡೋಣ ಎಂದು ಎಂದೂ ಹೇಳಿಕೊಂಡದ್ದಿಲ್ಲ. ರೀನಾ ಒಮ್ಮೆ ನನ್ನ ಮುಖ ನೋಡುತ್ತಾಳೆ, ಒಮ್ಮೆ ಅಮ್ಮನ ಮುಖ ನೋಡುತ್ತಾಳೆ. ನಾವು ಅವಳಿಂದ ಬೈಸಿಕೊಳ್ಳಲು ಕಾಯುತ್ತ ಕೂತಿರುತ್ತೇವೆ.